ನಡಾವಳಿ ಪುಸ್ತಕ

ಸುವರ್ಣ ಮಹೋತ್ಸವದ ಸಂಚಿಕೆಗೆ ಎರಡು ಪುಟ ಬೇಕಂತೆ,
‘ಹಾಸನ ಶಾಖೆ ಬೆಳೆದು ಬಂದ ದಾರಿ’.
ದೆಹಲಿಯ ಪತ್ರ. ಶನಿವಾರದೊಳಗೆ,
ಫೋಟೊ ಇದ್ದರೆ ಫೋಟೊ ಸಮೇತ.

ಫೋಟೊ ಇಲ್ಲ.
ಇರುವುದು ಈ ಪುಸ್ತಕ, ರಟ್ಟಿಗೆ ಖಾಕಿ ಬಟ್ಟೆ.
ಮೊದಲ ಪುಟದಲ್ಲಿ ನನ್ನದೇ ಅಕ್ಷರ, ಆಗಿನ್ನೂ ನೆಟ್ಟಗಿತ್ತು:
ಸ್ಥಳ, ಬಿ.ಎಂ. ರಸ್ತೆ, ಖಲಂದರ್ ಸಾಬರ ಲೇತ್ ಶೆಡ್ಡು.
ಹಾಜರು, ಏಳು ಮಂದಿ.
ಬಲಮೂಲೆಯಲ್ಲೊಂದು ಎಣ್ಣೆಯ ಹೆಬ್ಬೆಟ್ಟು.

ಏಳರಲ್ಲಿ ನಾನೊಬ್ಬ, ಕಾಫಿ ಕ್ಯೂರಿಂಗಿನ ಬಾಯ್ಲರ್ ಕಾಯುವವನು.
ಕಟ್ಟುತ್ತಿದ್ದ ಗೊರೂರಿನ ಅಣೆಯಿಂದ ಇಬ್ಬರು,
ಗೇಟೆತ್ತುವ ಸರಪಳಿಯ ಲೆಕ್ಕ ಜೇಬಲ್ಲಿ, ಕಣ್ಣು ಕಡೇ ಬಸ್ಸಿನ ಮೇಲೆ.
ಬಸ್ ಡಿಪೋದ ಸಣ್ಣಸ್ವಾಮಿ, ಅವನ ಷಡ್ಡಕ.
ಎಸ್ಟೇಟಿಂದ ಎಸ್ಟೇಟಿಗೆ ಪಲ್ಪರ್ ರಿಪೇರಿ ಮಾಡುತ್ತ
ಸ್ಕೂಟರಿನ ಮೇಲೇ ಮುದುಕನಾದ ಲೋಬೊ.
ಇನ್ನೊಬ್ಬರ ಹೆಸರಿನ ಮೇಲೆ ಗೆದ್ದಲು ನಡೆದಿದೆ.

ಕೂರಲು ಗ್ರೀಸ್ ಡಬ್ಬಗಳು.
ಕರೆಂಟು ಹೋದಾಗ ಸಭೆ ಶುರು,
ಬಂದಾಗ ಮುಕ್ತಾಯ: ಸಾಬರು ಲೇತ್ ಓಡಿಸಬೇಕಿತ್ತು.
ಆ ವರ್ಷಗಳಲ್ಲಿ ಸಂಘ ಚೆನ್ನಾಗಿ ಬೆಳೆಯಿತು,
ಕರೆಂಟು ಬಹಳ ಹೋಗುತ್ತಿತ್ತು.

ಸುತ್ತೋಲೆಯಲ್ಲಿ ‘ವೃತ್ತಿಯ ಘನತೆ’ ಎಂದಿತ್ತು.
ನಮಗೆ ಬೇಕಿದ್ದುದು
ಕೊಯಮತ್ತೂರಿನ ಬೇರಿಂಗು ಬರುವ ತನಕ
ತನ್ನದೊಂದನ್ನು ಸಾಲ ಕೊಡುವ ಮನುಷ್ಯ.

ಒಂದು ಸಂಜೆ ಲೋಬೊನ ಪಲ್ಪರಿನ ಶಾಫ್ಟು ಕಚ್ಚಿಕೊಂಡಿತ್ತು.
ನಾವು ಸೀಮೆಸುಣ್ಣದಲ್ಲಿ ನೆಲದ ತುಂಬ ಸೂತ್ರ ಬರೆದೆವು.
ಸಾಬರು ಬುಷ್ಷಿನೊಳಗೆ ಉಗುರು ಆಡಿಸಿ ಹೇಳಿದರು:
‘ಭಾಳ ಬಿಗಿ ಕೂರಿಸೀರಿ ಸಾರ್. ಸಂದು ಬೇಕು, ಕೂದಲಷ್ಟು.
ಎಣ್ಣೆ ಎಲ್ಲಿ ಕೂರಬೇಕು ಮತ್ತೆ?’
ಇದು ನಡಾವಳಿಯಲ್ಲಿಲ್ಲ.

ಇರುವುದು ಮೂರನೇ ಪುಟದ ಒಂದು ಸಾಲು:
ಚಂದಾ ಸಂದಾಯ, ತಲಾ ಹನ್ನೆರಡು ರೂಪಾಯಿ. ಏಳು ಅಂಗೀಕಾರ.
ಒಂದು ಸಲ್ಲಲಿಲ್ಲ.
ಮನಿಯಾರ್ಡರು ಹಿಂದಕ್ಕೆ ಬಂದಿತ್ತು,
ಜೊತೆಗೆ ಅರ್ಜಿ, ಅಂಚಿನಲ್ಲಿ ಕೆಂಪು ಶಾಯಿ: ವಿದ್ಯಾರ್ಹತೆ ನಮೂದಿಸಿಲ್ಲ.
ದುಡ್ಡು ಕೈಗಿಟ್ಟು ನಾನು
ಚಕ್ಕಿನ ಹಲ್ಲು ನೋಡುತ್ತ ನಿಂತೆ.
ಮರುವಾರ ಅದೇ ದುಡ್ಡಿಗೆ ಗುಜರಿಯಿಂದ
ಎರಡು ಮಡಚುವ ಕುರ್ಚಿ ತಂದಿದ್ದರು, ಕೀಲು ತಾವೇ ಮಾಡಿ ಹಾಕಿ.
‘ಮುಂದಕ್ಕೆ ಜನ ಜಾಸ್ತಿ ಆಗ್ತಾರೆ.’

ಆದರು.
ಹತ್ತೊಂಬತ್ತು, ನಲವತ್ತೆರಡು. ಕೋರಂ ಸಾಲದೆ ಮತ್ತೆ ಒಂಬತ್ತು.
ವಿಮಲಾಕ್ಷಿ ಬಂದಳು, ಮೊದಲ ಹೆಂಗಸು,
ಪಂಪಿನ ನಡುಕದ ಬಗ್ಗೆ ಒಂದು ಗಂಟೆ ಮಾತಾಡಿದಳು, ನೀರು ಕುಡಿಯದೆ.
ಅವಳೇ ಅಧ್ಯಕ್ಷೆಯಾದ ವರ್ಷ ಸಾಲಗಾಮೆ ರಸ್ತೆಯಲ್ಲಿ ನಿವೇಶನ.
ಆಮೇಲೆ ಕಟ್ಟಡ, ಲಿಫ್ಟು, ಲಿಫ್ಟಿಗೆ ಜನರೇಟರು.
ದೇಶದಲ್ಲೀಗ ಎಷ್ಟು ಶಾಖೆಯೋ.
ನನ್ನ ಸದಸ್ಯ ಸಂಖ್ಯೆಗೆ ನಾಲ್ಕು ಅಂಕಿ,
ಹೋದ ತಿಂಗಳು ಸೇರಿದ ಹುಡುಗಿಯದಕ್ಕೆ ಆರು.
ಶೆಡ್ಡಿದ್ದ ಜಾಗದಲ್ಲಿ ಟೈಲ್ಸ್ ಅಂಗಡಿ. ಸಾಬರು ತೀರಿಕೊಂಡದ್ದು
ನಮಗೆ ತಿಳಿದದ್ದು ನಲವತ್ತನೇ ದಿನಕ್ಕೆ.
ವಾರ್ಷಿಕ ವರದಿಯ ಸಂತಾಪದಲ್ಲಿ
ಸದಸ್ಯರ ಹೆಸರು ಮಾತ್ರ ಹಾಕುವುದು.

ಕುರ್ಚಿಗಳಲ್ಲಿ ಒಂದು ಉಳಿದಿದೆ.
ಸಭಾಂಗಣದ ಬಾಗಿಲು ಬಡಿಯದಂತೆ ಒರಗಿಸಿಟ್ಟಿದ್ದಾರೆ.
ಆ ಆರಂಕಿಯ ಹುಡುಗಿ, ಯಶೋಮತಿ, ಅದನ್ನು ಬಿಡಿಸಿ, ಮಡಚಿ,
ಮತ್ತೆ ಬಿಡಿಸಿ, ಕಿವಿಯಿಟ್ಟು ಕೇಳಿದಳು:
‘ಸದ್ದೇ ಇಲ್ವಲ್ಲ ಸಾರ್. ಈ ಪಿನ್ನು ಯಾರು ತಿರುವಿದ್ದು?’

ಹೇಳಿದೆ.
ಎರಡು ಪುಟಕ್ಕೆ ಮೀರಿತು.

ಏಳನ್ನು ಎಂಟು ಮಾಡುವಂತಿಲ್ಲ,
ಸಹಿ ಬಿದ್ದ ನಡಾವಳಿ ತಿದ್ದಬಾರದೆಂದು ನಿಯಮ,
ಬರೆದವನು ನಾನೇ.
ಅವಳು ಮೊದಲ ಪುಟದ ಫೋಟೊ ತೆಗೆದಳು, ಫೋನಿನಲ್ಲಿ,
ಬೆರಳಲ್ಲಿ ಹಿಗ್ಗಿಸಿ ಮೂಲೆ ತೋರಿಸಿದಳು:
‘ಈ ಕಲೆ ಅಳಿಸಿಬಿಡ್ಲಾ? ಒಂದೇ ನಿಮಿಷ.’

ಬೇಡ ಅಂದೆ.
ಮೂಲೆ ಕತ್ತರಿಸದೆ ಕಳಿಸು.
ನಾಳೆ ಶನಿವಾರ.