ಮರಳಿನ ವುಜೂ

ಬಿಲ್ಮಾದ ಉಪ್ಪು ಇಳಿಸಿ ಒಂಟೆಗಳು ಮಂಡಿಯೂರಿವೆ.
ತೊಗಲಚೀಲದಲ್ಲಿ ನೀರು
ಕುಡಿಯಲಿಕ್ಕಷ್ಟೇ.

ಮಾತಾಡದೆ ರಿಸ್ಸ
ಎರಡೂ ಅಂಗೈ ಮರಳಿಗೊತ್ತಿ, ಊದಿ,
ಮುಖ ಸವರಿಕೊಂಡ; ಆಮೇಲೆ ಕೈ.
ಮೊಮ್ಮಗ ಗುಮೂರನಿಗೆ ನಗು:
‘ಕೊಳೆ ಹೋಯ್ತಾ ಅಜ್ಜ?’
‘ಎಲ್ಲಿ ಹೋಗುತ್ತೆ!
ಇದ್ದದ್ದರಲ್ಲಿ ಬಾ ಅಂದಿದ್ದಾನೆ, ಬಂದೆ.’

ಮೂಡಲಿಗೆ ನಿಂತರು.
ನಾಲ್ಕರ ಬದಲು ಎರಡೇ ರಕಾತು,
ದಾರಿಹೋಕರಿಗೆ ಅಷ್ಟು ರಿಯಾಯಿತಿ ಉಂಟು.
ಕೂತಾಗ ಅಜ್ಜನ ತೋರುಬೆರಳೊಂದೇ
ಮಡಿಚಿದ ಬೆರಳುಗಳ ನಡುವೆ ಸಣ್ಣಗೆ ಅಲುಗಿತು:
ಒಬ್ಬನೇ, ಒಬ್ಬನೇ.

ಸಲಾಮು ಮುಗಿದದ್ದೇ ಹುಡುಗ ಉಪ್ಪಿನಚ್ಚು ಎಣಿಸತೊಡಗಿದ,
ನಲವತ್ತಕ್ಕೊಂದು ಪಕ್ಕಕ್ಕಿಟ್ಟು:
ಅಗಾದೆಸಿನ ಕುರುಡಿ ತಕಮತಳಿಗೆ.
ಮುರುಕಲು ಅಚ್ಚೊಂದು ಕೈಗೆ ಬಂತು.
ಅತ್ತಿತ್ತ ನೋಡಿ,
ಇಡಿಯದನ್ನೇ ಇಟ್ಟ.

ಹಣೆಯ ಮರಳು ಇನ್ನೂ ಒರೆಸಿರಲಿಲ್ಲ.