ಲಾಭ, ಎರಡು, ಮೂರು

ಸಕ್ಕರೆ ಇನ್ನೂ ಗಡಿ ದಾಟಿಲ್ಲ ಎಂದರು ಡಾಕ್ಟರು,
ಗಡಿಯಲ್ಲೇ ನಿಂತಿದೆ, ವೀಸಾ ಕಾಯುವವರ ಹಾಗೆ.
ಕೇಳಿದ್ದೇ ತಡ, ಜೆಸಿಂತಾ ನನ್ನ ಫೋನು ಕಸಿದು
ಹತ್ತು ಕ್ಲಾಸಿನ ಪ್ಯಾಕೇಜು ಕಟ್ಟಿಬಿಟ್ಟಳು:
ನಾನೂರೈವತ್ತು ದಿರ್ಹಮ್, ಟವೆಲು ಪುಕ್ಕಟೆ.

ಶಾರ್ಜಾದ ಅಲ್ ನಹ್ದಾ. ಆ ಕೋಣೆಯಲ್ಲಿ ಬೇಕೆಂದೇ ಕತ್ತಲೆ.
ನಲವತ್ತು ಸೈಕಲ್ಲು, ಒಂದೂ ಎಲ್ಲಿಗೂ ಹೋಗುವುದಿಲ್ಲ.
ನೇರಳೆ ದೀಪ, ಎದೆಗೂಡಿನೊಳಗೆ ಡ್ರಮ್ಮು,
ಕಿವಿಗೆ ಮೈಕು ಸಿಕ್ಕಿಸಿಕೊಂಡ ಬೈರೂತಿನ ರಾನಿಯಾ
ಹತ್ತು, ಒಂಬತ್ತು, ಎಂಟು ಎಂದು
ಇಂಗ್ಲಿಷಿನಲ್ಲಿ ನಮ್ಮನ್ನು ಸೊನ್ನೆಗೆ ಇಳಿಸುತ್ತಾಳೆ.
ಗೋಡೆಯ ಪರದೆಯ ಮೇಲೆ ಹೆಸರುಗಳ ಸಾಲು,
ಯಾರು ಎಷ್ಟು ತುಳಿದರೆಂಬ ಲೆಕ್ಕ.
ಆರಕ್ಷರಕ್ಕಿಂತ ಹೆಚ್ಚು ಹಿಡಿಯದ ಆ ಪರದೆಯಲ್ಲಿ
ವಾರಿಜಾಕ್ಷಿ, ಅಕ್ಷಿ ಕಳಕೊಂಡು, ಬರೇ ವಾರಿಜಾ.
ಮೂವತ್ತೊಂಬತ್ತನೆಯವಳು.
ನಲವತ್ತನೆಯವಳು ಹುದಾ.

ಹುದಾ ಯಾರೋ ಗೊತ್ತಿಲ್ಲ. ದೀಪ ಹಾಕುವ ಹೊತ್ತಿಗೆ
ಎಲ್ಲರೂ ಒಂದೇ ರೀತಿ ಒದ್ದೆ.
ಆದರೂ ನನ್ನ ಕೆಳಗೊಂದು ಹೆಸರಿದೆಯೆಂಬ ಧೈರ್ಯದಲ್ಲೇ
ಎರಡು ವಾರ ತುಳಿದೆ.
ನಾಲ್ಕನೆಯ ಕ್ಲಾಸಿಗೆ ಹುದಾ ಬರಲಿಲ್ಲ.
ಮೂವತ್ತೊಂಬತ್ತು ಜನ. ಕೊನೆಗೆ ನಾನು.

ಮರುದಿನದಿಂದ ಮೆಟ್ಟಿಲು.
ಹದಿನೇಳು ಮಹಡಿಯ ಕಟ್ಟಡ ನಮ್ಮದು, ಲಿಫ್ಟು ಮೂರು,
ಬೆಂಕಿ ಬಿದ್ದರೆ ಮಾತ್ರ ನೆನಪಾಗುವ ಮೆಟ್ಟಿಲು ಒಂದು.
ಹೊರಗೆ ಜುಲೈ. ಬೆಳಗಿನ ಐದಕ್ಕೇ ಕನ್ನಡಕಕ್ಕೆ ಆವಿ ಕವಿದು
ರಸ್ತೆ ದಾಟುವ ಹಾಗಿಲ್ಲ.
ಒಳಗೆ ಏಸಿಯಿಲ್ಲ, ಹಾಡಿಲ್ಲ, ಹುರಿದುಂಬಿಸುವವರಿಲ್ಲ.
ಬಾಗಿಲ ಸಂದಿಗಳಿಂದ ದೇಶದೇಶದ ವಾಸನೆ:
ನಾಲ್ಕರಲ್ಲಿ ಒಣಮೀನು, ಆರರಲ್ಲಿ ಬುಖೂರ್,
ಎಂಟರಲ್ಲಿ ಯಾರೋ ಸೀಯಿಸಿದ ಹಾಲು.

ಅಮ್ಮ ಗಂಗೊಳ್ಳಿಯಲ್ಲಿ ಅವಲಕ್ಕಿ ಅಳೆಯುತ್ತಿದ್ದಳು.
ಮೊದಲ ಸೇರಿಗೆ ಒಂದು ಎನ್ನುವವಳಲ್ಲ, ಲಾಭ ಎನ್ನುವಳು.
ಲಾಭ, ಎರಡು, ಮೂರು, ಬುಟ್ಟಿ ತುಂಬುವ ತನಕ.
ನನ್ನ ಬಾಯಿಯೂ ತಾನಾಗಿ ಹಾಗೇ ಎಣಿಸಿತು.
ಲಾಭದ ಮಹಡಿ. ಎರಡು. ಮೂರಕ್ಕೇ ಏದುಸಿರು.
ಏಳರಲ್ಲಿ ಮೊಣಕಾಲು ಕುಂದಾಪುರದ ಮಾತಿನಲ್ಲಿ ಬೈಯುತ್ತದೆ,
ಬೈಸಿಕೊಳ್ಳುತ್ತ ಹತ್ತುತ್ತೇನೆ.

ಒಂಬತ್ತರ ತಿರುವಿನಲ್ಲಿ ಒಬ್ಬ ಹುಡುಗ.
ಮನೆಮನೆಗೆ ನೀರಿನ ಕ್ಯಾನು ಹಾಕುವವನು, ಸ್ವಾತ್ ಕಡೆಯವನು.
ಖಾಲಿ ಕ್ಯಾನಿಗೆ ಒರಗಿ ಊರಿಗೆ ಫೋನು ಮಾಡುತ್ತಾನೆ.
ಮೊದಲ ದಿನ ಕಾಲು ಮಡಚಿ ದಾರಿ ಬಿಟ್ಟ.
ನಾಲ್ಕನೆಯ ದಿನ ಫೋನು ಎದೆಗೊತ್ತಿಕೊಂಡು ಕೇಳಿದ:
‘ಆಂಟೀ, ಲಿಫ್ಟು ಇನ್ನೂ ರಿಪೇರಿಯಾಗಲಿಲ್ಲವಾ?’
ಹತ್ತನೆಯ ದಿನ: ‘ಇವತ್ತು ಲೇಟು.’

ನಗು ಬಂತು, ಸಿಟ್ಟೂ ಬಂತು.
ಒಬ್ಬಳೇ ಇರೋಣವೆಂದು ಬಂದಲ್ಲೂ ಹಾಜರಿ ಪುಸ್ತಕ!
ಆ ನಲವತ್ತು ಜನರ ನಡುವೆಯಾದರೋ, ನಿಜ ಹೇಳುತ್ತೇನೆ,
ಅಣ್ಣ ತೀರಿಕೊಂಡ ವಾರ ಕೂತು ತುಳಿಯುತ್ತ
ಮುಕ್ಕಾಲು ಗಂಟೆ ಅತ್ತಿದ್ದೆ.
ಬೆವರೋ ಕಣ್ಣೀರೋ, ಕೇಳಿದವರಿಲ್ಲ.
ರಾನಿಯಾ ಕತ್ತಲಲ್ಲಿ ನನ್ನತ್ತಲೇ ಬೆರಳು ತೋರಿ
‘ಸೂಪರ್, ವಾರಿಜಾ!’ ಎಂದಿದ್ದಳು.

ಯಾವುದು ವಾಸಿ ಹೇಳು ಎನ್ನುತ್ತಾಳೆ ಜೆಸಿಂತಾ
ಕೆಫೆಟೀರಿಯಾದ ಮುಂದೆ ಕಾರು ನಿಲ್ಲಿಸಿ,
ಕರಕ್ ಚಹಾದ ಕಾಗದದ ಲೋಟ ಊದುತ್ತ.
ನನಗೆ ಸಕ್ಕರೆಯಿಲ್ಲದ್ದು. ಕುಡಿದರೆ ಬಿಸಿನೀರಿನ ಅಣ್ಣ.
ಆರು ಕ್ಲಾಸು ಉಳಿದಿದೆ, ದುಡ್ಡು ವಾಪಸು ಬರುವುದಿಲ್ಲ,
ಹಾಗಾಗಿ ಗುರುವಾರ ಹೋಗುತ್ತೇನೆ ಎಂದೆ.
ಹಾಗಾಗಿ ಅಲ್ಲ.
ಹುದಾ ಬಂದಿದ್ದಾಳಾ ನೋಡಬೇಕು.
ಬಂದಿದ್ದರೆ ಆ ದಿನ ಒಂಚೂರು ನಿಧಾನ ತುಳಿಯಬೇಕು.

ಉಳಿದ ದಿನ ಮೆಟ್ಟಿಲೇ.
ಹದಿನೇಳರಲ್ಲಿ ನಿಂತು ಉಸಿರು ಹಿಡಿದು
ಲಿಫ್ಟಿನಲ್ಲಿ ಕೆಳಗೆ ಬರುತ್ತೇನೆ.
ಇಳಿಯುವುದನ್ನು ನಾನು ಎಣಿಸುವುದಿಲ್ಲ.