ಎಂಟೂ ಹತ್ತರ ಬಸ್ಸು

ದೋಮಿತಿಲಾ ಮೆಟ್ಟಿಲಲ್ಲಿ ಜಾರಿದಳು, ಸೊಂಟ ಮುರಿಯಿತು.
ಆಂಬುಲೆನ್ಸಿನ ಬಾಗಿಲು ಮುಚ್ಚುವ ಮುಂಚೆ
ಬೀಗದಕೈಯನ್ನೂ ನಾಯಿಯ ಹಗ್ಗವನ್ನೂ
ನನ್ನ ಕೈಗೆ ತುರುಕಿದಳು.
ಹನ್ನೊಂದು ವರ್ಷದ ನೆರೆ. ನಡುವೆ ಒಂದು ಹಲಗೆ ಗೋಡೆ.
ಅವಳ ಕೆಮ್ಮು ನನಗೆ ಗೊತ್ತು, ನನ್ನ ರೇಡಿಯೋ ಅವಳಿಗೆ.
ಅಷ್ಟೇ.

ನನಗೆ ನಾಯಿ ಆಗದು ಎನ್ನಲು ಬಾಯಿ ತೆರೆದೆ,
ಬಾಯೊಳಗೆ ಮಳೆ ಬಿತ್ತು.

ವಾಲ್ದಿವಿಯಾದ ಜೂನ್ ತಿಂಗಳು ಇದು.
ಮಳೆ ನಿಲ್ಲಲಿ, ಆಮೇಲೆ ಹೊರಡೋಣ ಎಂದು ಕೂತವರು
ಸೆಪ್ಟೆಂಬರಿನಲ್ಲಿ ಎದ್ದು ಚಪ್ಪಲಿ ಹುಡುಕುತ್ತಾರೆ.
ನಾಯಿಗೆಲ್ಲಿಯ ಕ್ಯಾಲೆಂಡರು?
ಬೆಳಗಾಗುವ ಮೊದಲೇ ಬಾಗಿಲು ಕೆರೆಯಿತು.
ಮೂಲೆಯ ಹಳದಿ ಕೋಟು ಈಚೆ ತೆಗೆದೆ.
ದೋಣಿಯ ಇಂಜಿನು ಬಿಚ್ಚುತ್ತಿದ್ದ ಕಾಲದ್ದು,
ತೋಳಿನಲ್ಲಿ ಇನ್ನೂ ಡೀಸೆಲ್ಲಿನ ಕಮಟು.

ಹೆಸರು ಪೊರೋತೊ. ಅವರೆಕಾಳು ಎಂದರ್ಥ.
ಬಣ್ಣವೂ ಅದೇ, ಬೆಂದು ಆರಿದ ಮೇಲಿನದು.
ನಾನು ಎಡಕ್ಕೆ ಎಳೆದರೆ ಅದು ಬಲಕ್ಕೆ.
ಕೊನೆಗೆ ಬಿಟ್ಟುಕೊಟ್ಟೆ; ದಾರಿ ಗೊತ್ತಿರುವವರು ಮುಂದೆ ನಡೆಯಲಿ.

ಮೊದಲು ಬೇಕರಿ. ಯಸ್ನಾ ಎಂಬ ಹುಡುಗಿ
ಬ್ರೆಡ್ಡಿನ ಸುಟ್ಟ ತುದಿ ಮುರಿದು ಅದಕ್ಕೆ ಕೊಟ್ಟಳು,
ನನ್ನ ಮುಖ ನೋಡಿದಳು, ಏನೂ ಕೇಳಲಿಲ್ಲ.
ಆಮೇಲೆ ಹೊಳೆಯ ದಂಡೆ.
ಹಸಿ ಸೌದೆಯ ಹೊಗೆ ಮೇಲೇಳಲಾರದೆ ನೀರಿಗೇ ಒರಗಿತ್ತು.
ಮೀನುಪೇಟೆಯ ಕಟ್ಟೆ ಮೇಲೆ ಕಡಲಸಿಂಹಗಳು
ಸಾಲ ಕೊಟ್ಟವರ ಹಾಗೆ ಅರಚುತ್ತಿದ್ದವು.
ಪೊರೋತೊ ಅತ್ತ ತಿರುಗಿಯೂ ನೋಡಲಿಲ್ಲ.

ಸೇತುವೆ ದಾಟಿ ಬಸ್‌ಸ್ಟಾಪು.
ಅಲ್ಲಿ ಕೂತಿತು.
ತಗಡಿನ ತೂತಿನಿಂದ ಒಂದೊಂದೇ ಹನಿ
ಸರಿಯಾಗಿ ಎರಡು ಕಿವಿಗಳ ನಡುವೆ.
ಎಳೆದೆ. ಬೈದೆ. ಜೇಬಿನ ಬ್ರೆಡ್ಡು ತೋರಿಸಿದೆ. ಜಪ್ಪಯ್ಯ ಎನ್ನಲಿಲ್ಲ.
ನಾಯಿಗೆ ಕೆಲಸವಿಲ್ಲ, ಕೂರಲು ಹೊತ್ತಿಲ್ಲ ಎಂದವರು
ಇದನ್ನು ಕಂಡವರಲ್ಲ.
ಇದಕ್ಕೆ ಕೆಲಸವಿದೆ. ಅದಕ್ಕೇ ಕೂತಿದೆ.

ಎಂಟೂ ಹತ್ತಕ್ಕೆ ಬಸ್ಸು.
ಶಾಲೆಯ ಮಗು ಇಳಿಯಿತು, ರಾತ್ರಿಪಾಳಿ ಮುಗಿಸಿದ ನರ್ಸು,
ಬಕೆಟ್ಟು ಹಿಡಿದವನೊಬ್ಬ.
ಮುಖ ನೋಡುವುದಿಲ್ಲ ಇದು. ಕಾಲು ನೋಡುತ್ತದೆ,
ಪ್ರತಿಯೊಂದು ಬೂಟನ್ನೂ, ಓದಿದ ಹಾಗೆ.
ಬಾಗಿಲು ಮುಚ್ಚಿತು. ಎದ್ದಿತು.
ಮೈ ಕೊಡವಿ ನನ್ನ ಪ್ಯಾಂಟನ್ನು ತೋಯಿಸಿ
ಮನೆಯತ್ತ ಹೊರಟಿತು, ಹಾಜರಿ ಹಾಕಿ ಬಂದ ಗುಮಾಸ್ತನಂತೆ.

ಮಾರನೆಯ ದಿನವೂ. ಅದರ ಮಾರನೆಯ ದಿನವೂ.
ಐದನೆಯ ದಿನ ಡ್ರೈವರು ತಲೆಯಾಡಿಸಿದ.

ಆಸ್ಪತ್ರೆಗೆ ಹೋದೆ. ತಿಂದಿತಾ ಎಂದಳು. ತಿಂದಿತು.
ಪಾದ ಒರೆಸಿದೆಯಾ? ಒರೆಸಿದೆ.
ಯಾವ ಟವೆಲ್ಲು? ನೀಲಿಯದು.
ಅಯ್ಯೋ, ಅದು ನನ್ನದು, ಎಂದು ನಕ್ಕಳು, ನೋವಿಗೆ ನಿಲ್ಲಿಸಿದಳು.
ಬಸ್ಸಿನ ವಿಷಯ ನಾಲಿಗೆಯ ತುದಿವರೆಗೂ ಬಂತು.
ಅವಳು ಕಿಟಕಿಯ ಗಾಜಿನ ಮೇಲಿಳಿಯುವ ನೀರನ್ನು ನೋಡುತ್ತ
ಎಂಟು ಗಂಟೆಗೆಲ್ಲ ಹೊರಡುತ್ತೀಯ ತಾನೇ ಎಂದಳು.
ಹೂಂ ಎಂದೆ.
ಯಾರು, ಯಾವಾಗ, ಎಷ್ಟು ವರ್ಷದ ಹಿಂದೆ?
ಕಿತ್ತಳೆ ಸುಲಿದು ಕೊಟ್ಟು ಬಂದೆ.

ಇವತ್ತು ಬಸ್ಸು ತಡ.
ಎಂಟೂ ಇಪ್ಪತ್ತು. ಎಂಟೂವರೆ.
ಗಾಳಿ ಮಳೆಯನ್ನು ಅಡ್ಡಡ್ಡ ಎರಚುತ್ತಿದೆ.
ನಡುಗುವ ಪೊರೋತೊವನ್ನು ಕೋಟಿನೊಳಕ್ಕೆ ಸೇರಿಸಿಕೊಂಡೆ.
ಒದ್ದೆ ನಾಯಿಯ ನಾತ, ಡೀಸೆಲ್ಲು, ಎರಡು ಎದೆಬಡಿತ.
ತಿರುವಿನಲ್ಲಿ ದೀಪ ಕಂಡಾಗ
ನಾಯಿಗಿಂತ ಮೊದಲು ಎದ್ದವನು ನಾನು.

ರಬ್ಬರು ಬೂಟು. ಕಪ್ಪು ಶೂ. ಲೇಸು ಬಿಚ್ಚಿದ ಪುಟ್ಟ ಕಾಲು.
ಆಮೇಲೆ ಖಾಲಿ ಮೆಟ್ಟಿಲು, ನೀರು ತೊಟ್ಟಿಕ್ಕುತ್ತಿತ್ತು.

ಹತ್ತುತ್ತೀರಾ ಎಂದ ಡ್ರೈವರು.
ಇಲ್ಲ, ಎಂದೆ. ಇಳಿಯುವವರು ಇನ್ನೂ ಇದ್ದಾರೇನೋ
ನೋಡುತ್ತಿದ್ದೇವೆ.

ಹಗ್ಗ ಬಿಗಿಯಾಯಿತು.
ಪೊರೋತೊ ಆಗಲೇ ಮನೆಯ ದಾರಿ ಹಿಡಿದಿತ್ತು.